ಕಿಟಕಿಯ ಹೊರಸಿಲ್‌ಗೆ ತಗಡು ಅಥವಾ ವಿನೈಲ್ ಹೊದಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಿಟಕಿಯ ಹೊರಭಾಗದ ಸಿಲ್‌ಗೆ (ಚೌಕಟ್ಟಿನ ಅಡಿಯಲ್ಲಿರುವ ಅಡ್ಡ ಹಲಗೆ ಅಥವಾ ಕಟ್ಟೆಗೆ) ಬಗ್ಗಿಸಿದ ಅಲ್ಯೂಮಿನಿಯಂ, ಬಣ್ಣದ ಸ್ಟೀಲ್ ಅಥವಾ ವಿನೈಲ್ (ಪಿವಿಸಿ ಪ್ಲಾಸ್ಟಿಕ್) ಹೊದಿಸುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಬೇರೆ ರೀತಿ ಹೇಳದಿದ್ದರೆ ಉತ್ತರ ಮರದ ಸಿಲ್‌ಗೆ ಸಂಬಂಧಿಸಿದ್ದು. ಕಾಂಕ್ರೀಟು, ಇಟ್ಟಿಗೆ, ಕಲ್ಲಿನ ಸಿಲ್‌ಗಳ ವಿಷಯ ಕೊನೆಯ ಭಾಗದಲ್ಲಿದೆ.

ಹೊದಿಕೆ ಹಾಕಿದರೆ ಕಿಟಕಿಯಿಂದ ನೀರು ಬರುವುದು ನಿಲ್ಲುತ್ತದೆಯೇ?

ಹೆಚ್ಚಿನ ಸಂದರ್ಭಗಳಲ್ಲಿ ಇಲ್ಲ. ನೀರು ಒಳಬರುವುದು ಸಿಲ್‌ನ ಮೇಲ್ಮೈಯಿಂದಲ್ಲ. ಚೌಕಟ್ಟು ಸಿಲ್‌ಗೆ ಕೂಡುವ ಸಂದು, ಸಿಲ್ ಗೋಡೆಗೆ ಮುಟ್ಟುವ ಎರಡು ತುದಿಗಳು, ಚೌಕಟ್ಟಿನದೇ ಕೆಳಮೂಲೆಗಳು, ನೀರು ಬರುವುದು ಇಲ್ಲಿಂದ. ಇವುಗಳನ್ನು ಸರಿಪಡಿಸದೆ ಮೇಲೆ ತಗಡು ಕೂರಿಸಿದರೆ ನೀರು ಮೊದಲಿನ ದಾರಿಯಲ್ಲೇ ಬರುತ್ತದೆ, ಜೊತೆಗೆ ತಗಡಿನ ಕೆಳಗೆ ನಿಂತು ಒಣಗದೆ ಮರವನ್ನು ಬೇಗ ಕೊಳೆಸುತ್ತದೆ. ಹೊದಿಕೆಯ ನಿಜವಾದ ಕೆಲಸ ಎರಡೇ: ಬಿಸಿಲು ಮಳೆಗೆ ಮರ ಬಿರಿಯದಂತೆ ಕಾಯುವುದು, ಬಿದ್ದ ನೀರನ್ನು ಗೋಡೆಯಿಂದ ದೂರ ಹನಿಸುವುದು. ಪ್ರತಿ ಕೆಲವು ವರ್ಷಕ್ಕೊಮ್ಮೆ ಸಿಲ್‌ಗೆ ಬಣ್ಣ ಹೊಡೆಯುವ ಕೆಲಸ ತಪ್ಪುತ್ತದೆ ಎಂಬುದು ಇನ್ನೊಂದು ಲಾಭ.

ಮರ ಹೊದಿಸುವ ಸ್ಥಿತಿಯಲ್ಲಿದೆ ಎಂದು ತಿಳಿಯುವುದು ಹೇಗೆ?

ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಮೊದಲು ಎರಡು ತುದಿಗಳು, ಆಮೇಲೆ ಮುಂಬದಿಯ ಕೆಳ ಅಂಚು, ಕೊನೆಗೆ ಚೌಕಟ್ಟಿನ ಲಂಬ ಕಂಬಗಳು ಸಿಲ್ ಮೇಲೆ ಕೂತಿರುವ ಜಾಗ. ಕೊಳೆ ಸುರುವಾಗುವುದು ಇಲ್ಲೇ, ಏಕೆಂದರೆ ಮರದ ಅಡ್ಡ ಕೊಯ್ತದ ತುದಿ ಉಳಿದ ಭಾಗಕ್ಕಿಂತ ಹೆಚ್ಚು ನೀರು ಹೀರುತ್ತದೆ. ಕೈಯ ಒತ್ತಡಕ್ಕೇ ಮೊನೆ 3-4 ಮಿ.ಮೀ. ಒಳಹೋದರೆ ಆ ಜಾಗ ಲಡ್ಡಾಗಿದೆ ಎಂದರ್ಥ. ಬಣ್ಣ ನೋಡಿ ತೀರ್ಮಾನಿಸಬೇಡಿ. ದಪ್ಪ ಬಣ್ಣದ ಪದರ ಒಳಗಿನ ಟೊಳ್ಳನ್ನು ಚೆನ್ನಾಗಿ ಮುಚ್ಚಿಡುತ್ತದೆ.

ತೇವಾಂಶ ಮಾಪಕ ಇದ್ದರೆ ಶೇ. 15ರ ಆಸುಪಾಸಿನಲ್ಲಿರಲಿ. ಶೇ. 20 ದಾಟಿದ್ದರೆ ಹೊದಿಸಲೇಬೇಡಿ, ಮರ ಕೊಳೆಸುವ ಶಿಲೀಂಧ್ರ ಬೆಳೆಯಲು ಬೇಕಾದ ತೇವ ಅಲ್ಲಿಂದ ಮೇಲಕ್ಕೆ ಸಿಗುತ್ತದೆ. ಮಳೆಗಾಲದ ನಡುವೆ ಒಂದು ಬಿಸಿಲು ದಿನ ಸಿಕ್ಕಿತೆಂದು ಕೆಲಸ ಮುಗಿಸುವುದು ಬೇಡ. ಮೇಲ್ಮೈ ಒಣಗಿದ್ದರೂ ಒಳಗೆ ತೇವ ಇರುತ್ತದೆ.

ಸ್ವಲ್ಪ ಭಾಗ ಮಾತ್ರ ಕೊಳೆತಿದ್ದರೆ?

ಬೆರಳಗಲದ ಗುಳಿಗಳಾದರೆ ಮೆತ್ತಗಾದುದನ್ನೆಲ್ಲ ಕೆರೆದು ತೆಗೆದು, ಒಣಗಿಸಿ, ಮರಕ್ಕೆಂದೇ ಬರುವ ತೆಳು ಎಪಾಕ್ಸಿ ಕುಡಿಸಿ, ಮೇಲೆ ಎಪಾಕ್ಸಿ ಫಿಲ್ಲರ್ ತುಂಬಿ. ಸಿಮೆಂಟ್, ಪಿಒಪಿ, ಸಾಮಾನ್ಯ ಪುಟ್ಟಿ ಬೇಡ. ಮರ ಹಿಗ್ಗಿ ಕುಗ್ಗಿದಾಗ ಅವು ಬಿಟ್ಟುಕೊಂಡು ಸುತ್ತ ನೀರು ಹಿಡಿಯುವ ಸಂದು ಮಾಡುತ್ತವೆ. ಮುಂಬದಿಯ ಅಂಚು ಉದ್ದಕ್ಕೂ ಹೋಗಿದ್ದರೆ ಆ ಪಟ್ಟಿಯನ್ನು ಕೊಯ್ದು ಹೊಸ ಮರ ಅಂಟಿಸಿ. ಕೊಳೆ ಚೌಕಟ್ಟಿನ ಅಡಿಗೆ ಹೊಕ್ಕಿದ್ದರೆ ಅದು ಹೊದಿಕೆಯ ಕೆಲಸವಲ್ಲ, ಸಿಲ್ ಬದಲಿಸುವ ಕೆಲಸ. ಗೆದ್ದಲಿನ ಮಣ್ಣಿನ ಸುರಂಗ ಕಂಡರೆ ಮೊದಲು ಅದಕ್ಕೆ ಔಷಧಿ ಆಗಬೇಕು.

ತೀರಾ ಹಳೆಯ ಕಟ್ಟಡಗಳ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದೆ. ಒಣ ಮರಳುಕಾಗದದಿಂದ ಉಜ್ಜಿ ಧೂಳೆಬ್ಬಿಸಬೇಡಿ. ಒದ್ದೆ ಮಾಡಿ ಕೆರೆಯಿರಿ, ಕೆರೆದದ್ದನ್ನು ಕೆಳಗೆ ಹಾಸಿದ ಪ್ಲಾಸ್ಟಿಕ್ ಹಾಳೆಯಲ್ಲೇ ಕಟ್ಟಿ ತೆಗೆಯಿರಿ.

ಅಲ್ಯೂಮಿನಿಯಂ, ಸ್ಟೀಲ್, ವಿನೈಲ್, ಇವುಗಳಲ್ಲಿ ಯಾವುದು?

ಹಳೆಯ ಮರದ ಸಿಲ್‌ಗೆ ನಮ್ಮ ಮೊದಲ ಆಯ್ಕೆ ಬಣ್ಣದ ಅಲ್ಯೂಮಿನಿಯಂ. ತುಕ್ಕು ಹಿಡಿಯುವುದಿಲ್ಲ, ಕೈಕತ್ತರಿಯಲ್ಲಿ ಕತ್ತರಿಸಬಹುದು, ಮೂಲೆಗಳನ್ನು ಸ್ಥಳದಲ್ಲೇ ಮಡಿಸಬಹುದು. ದೌರ್ಬಲ್ಯವೆಂದರೆ ನೆಗ್ಗು: ಏಣಿ ಒರಗಿಸಿದರೆ, ಹೂಕುಂಡ ಎಳೆದಾಡಿದರೆ ಗುರುತು ಉಳಿಯುತ್ತದೆ.

ಬಣ್ಣ ಲೇಪಿಸಿದ ಗ್ಯಾಲ್ವನೈಸ್ಡ್ (ಸತುವಿನ ಪದರವಿರುವ) ಸ್ಟೀಲ್ ಗಟ್ಟಿ, ಬಿಸಿಲಿಗೆ ಕಡಿಮೆ ಹಿಗ್ಗುತ್ತದೆ. ಆದರೆ ಕತ್ತರಿಸಿದ ಅಂಚೇ ಅದರ ಮರ್ಮಸ್ಥಾನ. ಸಮುದ್ರದ ಉಪ್ಪುಗಾಳಿ ಇರುವ ಕಡೆ ಆ ಅಂಚಿನಿಂದಲೇ ಬಣ್ಣ ಎದ್ದು ಬರುತ್ತದೆ. ವಿನೈಲ್ ನೆಗ್ಗುವುದಿಲ್ಲ, ತುಕ್ಕಿನ ಮಾತೇ ಇಲ್ಲ, ಗೀರು ಬಿದ್ದರೂ ಒಳಗೂ ಅದೇ ಬಣ್ಣ. ಬದಲಿಗೆ ಅದು ಬಿಸಿಗೆ ಹಿಗ್ಗುವುದು ಅಲ್ಯೂಮಿನಿಯಂನ ಸುಮಾರು ಮೂರು ಪಟ್ಟು.

ಕೊಳ್ಳುವಾಗ ಒಂದು ಗೊಂದಲ ಸಾಮಾನ್ಯ. ಪಿವಿಸಿ ಕಾಯಿಲ್ ಎಂದು ಮಾರುವ ಸುರುಳಿ ಹಲವು ಬಾರಿ ಪಿವಿಸಿ ಲೇಪನದ ಅಲ್ಯೂಮಿನಿಯಂ ಆಗಿರುತ್ತದೆ, ಪೂರ್ತಿ ವಿನೈಲ್ ಅಲ್ಲ. ಅದನ್ನು ತಗಡಿನಂತೆಯೇ ಬಗ್ಗಿಸಬೇಕು. ಪೂರ್ತಿ ವಿನೈಲ್ ಬರುವುದು ಹೆಚ್ಚಾಗಿ ಸಿದ್ಧ ಆಕಾರದ ಪಟ್ಟಿಗಳಾಗಿ. ಅಂಚನ್ನು ನೋಡಿದರೆ ಗೊತ್ತಾಗುತ್ತದೆ, ಲೇಪನದ ಅಲ್ಯೂಮಿನಿಯಂ ಆದರೆ ನಡುವೆ ಲೋಹದ ಗೆರೆ ಹೊಳೆಯುತ್ತದೆ.

ತಗಡು ಎಷ್ಟು ದಪ್ಪ ಇರಬೇಕು?

ಒಳಗೆ ಮರದ ಆಸರೆ ಇರುವ ಸಿಲ್‌ಗೆ 0.5ರಿಂದ 0.6 ಮಿ.ಮೀ. ಅಲ್ಯೂಮಿನಿಯಂ ಸಾಕು. ಸುರುಳಿಯಲ್ಲಿ ಬರುವ ಟ್ರಿಮ್ ತಗಡು ಸಾಮಾನ್ಯವಾಗಿ 0.019ರಿಂದ 0.024 ಇಂಚು, ಅಂದರೆ 0.48ರಿಂದ 0.61 ಮಿ.ಮೀ. ಇರುತ್ತದೆ. ಕೈಗೆ ಸಿಗುವ ಎತ್ತರದ ಕಿಟಕಿಗೆ ದಪ್ಪನೆಯದನ್ನೇ ಕೊಳ್ಳಿ. ಮರವನ್ನು ದಾಟಿ ತಗಡು ಮುಂದಕ್ಕೆ ಚಾಚಿಕೊಳ್ಳಬೇಕಾದರೆ 0.8 ಮಿ.ಮೀ.ಗಿಂತ ಕಡಿಮೆ ಬೇಡ.

ಅಳತೆ ತೆಗೆಯುವುದು, ಲೆಕ್ಕ ಹಾಕುವುದು ಹೇಗೆ?

ಅಡ್ಡ ಕೊಯ್ತದ ಚಿತ್ರ ಬರೆದುಕೊಂಡು ಹಿಂದಿನಿಂದ ಮುಂದಕ್ಕೆ ಒಂದೊಂದೇ ಮಡಿಕೆ ಕೂಡಿಸುತ್ತ ಬನ್ನಿ. ಉದಾಹರಣೆಗೆ:

- ಚೌಕಟ್ಟಿಗೆ ಒರಗಿ ಮೇಲೇಳುವ ಹಿಂಬದಿ: 25 ಮಿ.ಮೀ.
- ಮೇಲ್ಮೈ: 130
- ಮುಂಬದಿಯ ಲಂಬ ಮುಖ: 40
- ಕೆಳಗೆ ಹೊರಕ್ಕೆ ಓರೆಯಾಗಿ ತಿರುಗುವ ಹನಿಯಂಚು: 10
- ಆ ಅಂಚಿನಲ್ಲೇ ಹಿಂದಕ್ಕೆ ಮಡಚಿದ ಹೆಮ್: 10

ಒಟ್ಟು 215 ಮಿ.ಮೀ. ಅಗಲದ ಪಟ್ಟಿ.

ಉದ್ದಕ್ಕೆ: ಎರಡು ಗೋಡೆಗಳ ನಡುವೆ 1200 ಮಿ.ಮೀ. ಇದ್ದರೆ ಪ್ರತಿ ಬದಿಗೂ 5 ಮಿ.ಮೀ. ಬಿಟ್ಟು 1190. ಎರಡೂ ತುದಿಯಲ್ಲಿ ಮೇಲಕ್ಕೆ ಮಡಚಲು 25ರಂತೆ ಸೇರಿಸಿ 1240. ಅಗಲವನ್ನು ಮೂರು ಕಡೆ ಅಳೆಯಿರಿ: ಚೌಕಟ್ಟಿನ ಬುಡದಲ್ಲಿ, ನಡುವೆ, ಗೋಡೆಯ ಹೊರ ಅಂಚಿನಲ್ಲಿ. ಗಾರೆ ಮಾಡಿದ ಗೋಡೆಗಳು ಮೂಲೆಮಟ್ಟದಲ್ಲಿರುವುದು ಅಪರೂಪ. ವ್ಯತ್ಯಾಸ ಇದ್ದರೆ ತುದಿಗಳಿಗೆ ರಟ್ಟಿನ ಅಚ್ಚು ಕತ್ತರಿಸಿಕೊಂಡು ಅದರಂತೆ ಗುರುತು ಹಾಕಿ.

ಈಗ ಸುರುಳಿಯ ಲೆಕ್ಕ. ಸುರುಳಿ 24 ಇಂಚು ಅಗಲ, 50 ಅಡಿ ಉದ್ದದ್ದಾದರೆ ಅದು 610 ಮಿ.ಮೀ. ಮತ್ತು 15.24 ಮೀಟರ್. 215ರ ಪಟ್ಟಿ ಅಗಲದಲ್ಲಿ ಎರಡೇ ಸಿಗುತ್ತದೆ, 180 ಮಿ.ಮೀ. ಉಳಿಯುತ್ತದೆ. ಉದ್ದದಲ್ಲಿ 1240ರ 12 ತುಂಡು, ಒಟ್ಟು 24 ಸಿಲ್. ಪಟ್ಟಿಯ ಅಗಲವನ್ನು 203ಕ್ಕೆ ಇಳಿಸಲು ಸಾಧ್ಯವಾದರೆ ಅಗಲದಲ್ಲಿ ಮೂರು ಕೂರುತ್ತವೆ, ಅದೇ ಸುರುಳಿಯಲ್ಲಿ 36 ಸಿಲ್. ಮರದ ದಪ್ಪ ಕಡಿಮೆ ಇದ್ದರೆ ಮುಂಬದಿಯ 40ನ್ನು 28 ಮಾಡಿ ಇದನ್ನು ಸಾಧಿಸಬಹುದು. ಹೆಮ್ ಅಥವಾ ಹಿಂಬದಿಯನ್ನು ಕತ್ತರಿಸಿ ಉಳಿಸಲು ಹೋಗಬೇಡಿ. ಎಲ್ಲ ಕಿಟಕಿಗಳ ಅಳತೆ ಬಂದ ಮೇಲೆಯೇ ಕತ್ತರಿ ಹಾಕಿ. ಉಳಿದ 180ರ ಪಟ್ಟಿ ಶೌಚಾಲಯದ ಸಣ್ಣ ಕಿಟಕಿಗೋ ಜೋಡಣೆಯ ಅಡಿಪಟ್ಟಿಗೋ ಆಗುತ್ತದೆ.

ಇಳಿಜಾರು ಎಷ್ಟು ಬೇಕು?

ಕನಿಷ್ಠ 5 ಡಿಗ್ರಿ, ಸಾಧ್ಯವಾದರೆ 8ರಿಂದ 10. ಡಿಗ್ರಿಯಲ್ಲಿ ಅಳೆಯುವುದು ಕಷ್ಟವಾದರೆ: 130 ಮಿ.ಮೀ. ಆಳದ ಸಿಲ್‌ಗೆ 5 ಡಿಗ್ರಿ ಎಂದರೆ ಹಿಂದಿನಿಂದ ಮುಂದಕ್ಕೆ ಸುಮಾರು 11 ಮಿ.ಮೀ. ಇಳಿತ, 8 ಡಿಗ್ರಿ ಎಂದರೆ 18 ಮಿ.ಮೀ. ಮಟ್ಟಪಟ್ಟಿ ಇಟ್ಟು ಮುಂಭಾಗದ ಸಂದನ್ನು ಅಳತೆಪಟ್ಟಿಯಿಂದ ನೋಡಿದರೆ ಸಾಕು.

ಸಿಲ್ ಸಮತಟ್ಟಾಗಿದ್ದರೆ ಬೆಣೆಯಾಕಾರದ ಮರ ಅಥವಾ ನೀರು ಹೀರದ ಫೋಮ್ ಹಲಗೆ ಹಾಕಿ ಇಳಿಜಾರು ಮಾಡಿಕೊಳ್ಳಿ. ಬಿಡಿಬಿಡಿಯಾದ ಬೆಣೆಗಳ ಮೇಲೆ ತಗಡು ಕೂರಿಸಬೇಡಿ. ನಡುವಿನ ಭಾಗ ಜೋತು ಅಲ್ಲೇ ನೀರು ನಿಲ್ಲುತ್ತದೆ.

ಬಗ್ಗಿಸುವ ಕ್ರಮ ಯಾವುದು? ಕೋನ ಎಷ್ಟು?

ಮೊದಲು ಹೆಮ್, ಆಮೇಲೆ ಹನಿಯಂಚು, ಆಮೇಲೆ ಮುಂಬದಿ, ಕೊನೆಗೆ ಹಿಂಬದಿ. ಸಣ್ಣ ಮಡಿಕೆಯಿಂದ ದೊಡ್ಡದಕ್ಕೆ ಹೋಗಬೇಕು. ತಿರುವುಮುರುವಾದರೆ ಬೆಂಡಿಂಗ್ ಮಷಿನ್‌ನ ದವಡೆಯೊಳಗೆ ಪಟ್ಟಿ ಕೂರುವುದಿಲ್ಲ. ಹೆಮ್ ಅಲಂಕಾರಕ್ಕೆ ಇರುವುದಲ್ಲ. ತೆಳು ತಗಡಿನ ಅಂಚಿಗೆ ಗಟ್ಟಿತನ ಬರುವುದು, ಕೈ ಕೊಯ್ಯದಿರುವುದು, ಕತ್ತರಿಸಿದ ಅಂಚು ಮಳೆಗೆ ತೆರೆದುಕೊಳ್ಳದಿರುವುದು ಅದರಿಂದಲೇ.

ಹೆಚ್ಚಿನವರು ಎಡವುವುದು ಕೋನದಲ್ಲಿ. ಸಿಲ್ 8 ಡಿಗ್ರಿ ಇಳಿಜಾರಾಗಿದ್ದರೆ ಹಿಂಬದಿ ಮತ್ತು ಮುಂಬದಿ ಎರಡೂ ಮೇಲ್ಮೈಗೆ 90 ಅಲ್ಲ, 98 ಡಿಗ್ರಿಯಲ್ಲಿರಬೇಕು. 90ಕ್ಕೆ ಬಗ್ಗಿಸಿದ ಪಟ್ಟಿಯನ್ನು ಇಳಿಜಾರಿನ ಮೇಲೆ ಇಟ್ಟು ನೋಡಿ: 25 ಮಿ.ಮೀ. ಹಿಂಬದಿಯ ಮೇಲಂಚು ಚೌಕಟ್ಟಿನಿಂದ 3.5 ಮಿ.ಮೀ. ದೂರ ವಾಲಿ ನಿಂತು ಮಳೆನೀರಿಗೆ ಬಾಯಿ ತೆರೆಯುತ್ತದೆ. ಮುಂಬದಿಯ ಕೆಳತುದಿ 5-6 ಮಿ.ಮೀ. ಗೋಡೆಯತ್ತ ಒಳಸರಿದು ಹನಿಯಂಚಿನ ಅರ್ಧ ಪ್ರಯೋಜನವನ್ನೇ ಕಳೆಯುತ್ತದೆ. ಇಳಿಜಾರು ಎಷ್ಟೋ ಅಷ್ಟನ್ನು 90ಕ್ಕೆ ಕೂಡಿಸಿ. ತಗಡು ಮಷಿನ್ ಬಿಟ್ಟೊಡನೆ 2-3 ಡಿಗ್ರಿ ಹಿಂದಕ್ಕೆ ಚಿಮ್ಮುತ್ತದೆ, ಆದ್ದರಿಂದ ಅಷ್ಟು ಹೆಚ್ಚು ಬಗ್ಗಿಸಿ. ಮೊದಲು 100 ಮಿ.ಮೀ. ಉದ್ದದ ತುಂಡಿನಲ್ಲಿ ಇಡೀ ಆಕಾರ ಮಾಡಿ ಎಲ್ಲ ಕಿಟಕಿಗಳಿಗೂ ಹಿಡಿದು ನೋಡುವುದು ಒಳ್ಳೆಯದು. ಒಂದೇ ಮನೆಯ ಸಿಲ್‌ಗಳೂ ಒಂದೇ ಇಳಿಜಾರಿನಲ್ಲಿರುವುದಿಲ್ಲ.

ಬೆಂಡಿಂಗ್ ಮಷಿನ್ ಇಲ್ಲದೆ ಆಗುವುದಿಲ್ಲವೇ?

ಒಂದೂಕಾಲು ಮೀಟರ್ ತನಕ ಆಗುತ್ತದೆ. ನೇರವಾದ ಎರಡು ಕಬ್ಬಿಣದ ಆ್ಯಂಗಲ್ ನಡುವೆ ತಗಡನ್ನು ಇಟ್ಟು 300 ಮಿ.ಮೀ.ಗೊಂದು ಕ್ಲಾಂಪ್ ಬಿಗಿದು, ಮೇಲೆ ಉಳಿದ ಭಾಗವನ್ನು ಇಡೀ ಉದ್ದಕ್ಕೆ ಒಂದು ಹಲಗೆ ಒತ್ತಿ ಒಂದೇ ಸಲಕ್ಕೆ ತಳ್ಳಿ. ಸುತ್ತಿಗೆಯಿಂದ ಅಲ್ಲಲ್ಲಿ ಬಡಿಯುತ್ತ ಹೋದರೆ ಅಂಚು ಅಲೆಯಲೆಯಾಗುತ್ತದೆ, ಅದನ್ನು ಮತ್ತೆ ನೇರ ಮಾಡಲು ಬರುವುದಿಲ್ಲ. ಆ್ಯಂಗಲ್‌ಗೆ ಬಟ್ಟೆಯ ಟೇಪ್ ಸುತ್ತಿಕೊಂಡರೆ ಬಣ್ಣ ಉಳಿಯುತ್ತದೆ.

ಮಡಿಕೆಯ ಗೆರೆಯ ಮೇಲೆ ಕಟರ್‌ನಿಂದ ಗೀರಬೇಡಿ. ಕತ್ತರಿಸಬೇಕಾದಲ್ಲಿ ಗೀರಿ ಎರಡು ಸಲ ಅತ್ತಿತ್ತ ಮಡಚಿದರೆ ಅಲ್ಯೂಮಿನಿಯಂ ನೀಟಾಗಿ ತುಂಡಾಗುತ್ತದೆ. ಮಡಿಕೆಯ ಗೆರೆಯಲ್ಲಿ ಗೀರಿದರೂ ಅದೇ ಆಗುವುದು, ಸ್ವಲ್ಪ ತಡವಾಗಿ ಅಷ್ಟೆ.

ತುದಿಗಳನ್ನು ಹೇಗೆ ಮುಗಿಸಬೇಕು?

ಇಡೀ ಕೆಲಸದಲ್ಲಿ ಅತಿ ಹೆಚ್ಚು ಗಮನ ಬೇಡುವುದು ಇದೇ. ತುದಿಯನ್ನು ಚಪ್ಪಟೆಯಾಗಿ ಗೋಡೆಗೆ ಮುಟ್ಟಿಸಿ ಒಂದು ಗೆರೆ ಸಿಲಿಕಾನ್ ಎಳೆದರೆ ಆ ಸಿಲಿಕಾನ್ ಬಿರಿದ ದಿನದಿಂದ ಸಿಲ್‌ನ ನೀರೆಲ್ಲ ಗೋಡೆಯೊಳಗೆ ಇಳಿಯುತ್ತದೆ. ತುದಿಯನ್ನು 25 ಮಿ.ಮೀ. ಮೇಲಕ್ಕೆ ಎತ್ತಿ ಗೋಡೆ ಕಟ್ಟಿದಂತೆ ಮಾಡಬೇಕು. ಆಗ ಸೀಲಂಟ್ (ಸಂದು ಮುಚ್ಚುವ ಸಿಲಿಕಾನ್‌ನಂಥ ಮೇಣ) ಕೈಕೊಟ್ಟರೂ ಹೆಚ್ಚಿನ ನೀರು ಮುಂದಕ್ಕೇ ಹರಿಯುತ್ತದೆ.

ಮಾಡುವ ಕ್ರಮ: ತುದಿಯಿಂದ 25 ಮಿ.ಮೀ. ಒಳಗೆ ಗೆರೆ ಎಳೆಯಿರಿ. ಮೇಲ್ಮೈಗೂ ಮುಂಬದಿಗೂ ನಡುವಿನ ಮಡಿಕೆಯ ಗೆರೆಯಲ್ಲಿ ತುದಿಯಿಂದ ಸರಿಯಾಗಿ 25 ಮಿ.ಮೀ. ತನಕ ಕತ್ತರಿಸಿ, ಒಂದು ಮಿ.ಮೀ. ಕಡಿಮೆಯಾದರೂ ಪರವಾಗಿಲ್ಲ, ಹೆಚ್ಚಾಗಬಾರದು. ಮುಂಬದಿಯಲ್ಲಿ ಉಳಿಯುವ 25ರ ತುಂಡನ್ನು ತೆಗೆದುಹಾಕಿ. ಹಿಂದಿನ ಮೂಲೆಯಲ್ಲಿ ಮಾತ್ರ ಕತ್ತರಿ ಹಾಕಲೇಬಾರದು. ಅಲ್ಲಿ ಹಿಂಬದಿಯೂ ತುದಿಯೂ ಸೇರುವ 25ಕ್ಕೆ 25ರ ಚೌಕದಲ್ಲಿ ಒಳಮೂಲೆಯಿಂದ ಹೊರಮೂಲೆಗೆ ಓರೆ ಗೆರೆ ಎಳೆದು, ಎರಡೂ ಬದಿಯನ್ನು ಒಟ್ಟಿಗೆ ಎತ್ತುತ್ತ ಆ ಚೌಕವನ್ನು ಓರೆ ಗೆರೆಯಲ್ಲಿ ಮಡಚಿ, ಸಿಗುವ ತ್ರಿಕೋನದ ಕಿವಿಯನ್ನು ತುದಿಯ ಹೊರಮೈಗೆ ಒತ್ತಿ. ತೂತಿಲ್ಲದ ಮೂಲೆ ಸಿಗುತ್ತದೆ. ಇದಕ್ಕಾಗಿಯೇ ಮಷಿನ್‌ನಲ್ಲಿ ಹಿಂಬದಿಯನ್ನು ಪೂರ್ತಿ ಎತ್ತಬೇಡಿ, ಸುಮಾರು 45 ಡಿಗ್ರಿಗೆ ನಿಲ್ಲಿಸಿ ಉಳಿದದ್ದನ್ನು ಮೂಲೆಗಳ ಜೊತೆ ಕೈಯಲ್ಲಿ ಮುಗಿಸಿ. ಅಗಲ ಬಾಯಿಯ ಮಡಚುವ ಇಕ್ಕಳ ಇದ್ದರೆ ಸುಲಭ.

ಸಿಲ್ ಗೋಡೆಯ ಮುಂದೆ ಎರಡೂ ಬದಿಗೆ ಚಾಚಿಕೊಂಡಿದ್ದರೆ ಆ ಚಾಚಿನ ಹಿಂಭಾಗ ಗೋಡೆಗೆ ತಾಗುವಲ್ಲಿ ತಗಡು ಮೇಲೇಳಬೇಕು, ಹೊರತುದಿಯಲ್ಲಿ ಕೆಳಕ್ಕೆ ಮಡಚಿ ಮರದ ಕೊಯ್ತವನ್ನು ಮುಚ್ಚಬೇಕು. ಚಾಚು ಗೋಡೆಗೆ ತಿರುಗುವ ಒಳಮೂಲೆಯಲ್ಲಿ ಕತ್ತರಿ ಹಾಕದೆ ವಿಧಿಯಿಲ್ಲ. ಆ ಒಂದು ಬಿಂದುವಿನ ಕೆಳಗೆ ಮೊದಲೇ ಬ್ಯೂಟೈಲ್ ಟೇಪಿನ (ರಬ್ಬರಿನಂಥ ಅಂಟು ಪಟ್ಟಿಯ) ತೇಪೆ ಹಾಕಿ.

ಕಿಟಕಿಯ ಕೆಳಗಿನ ಸಣ್ಣ ತೂತುಗಳನ್ನು ಮುಚ್ಚಬಹುದೇ?

ಬೇಡವೇ ಬೇಡ. ಜಾರುಕಿಟಕಿಯ ಹಳಿಯಲ್ಲಿ ತುಂಬುವ ನೀರು ಹೊರಹೋಗುವುದು ಆ ತೂತುಗಳಿಂದ. ಹೊದಿಕೆಯ ಹಿಂಬದಿ ಅವುಗಳ ಮುಂದೆ ನಿಂತರೆ ಅಥವಾ ಸೀಲಂಟ್ ಅವುಗಳಿಗೆ ಮೆತ್ತಿದರೆ ನೀರು ಹಳಿ ತುಂಬಿ ಒಳಗೋಡೆಗೆ ಬರುತ್ತದೆ. ಹೊದಿಕೆ ಹಾಕಿದ ಮೇಲೆ ಹೊಸದಾಗಿ ಸೋರಿಕೆ ಸುರುವಾದರೆ ಮೊದಲು ನೋಡಬೇಕಾದುದು ಇಲ್ಲೇ.

ಚೌಕಟ್ಟಿನ ಅಡಿಯಲ್ಲಿ ತುಟಿ ಅಥವಾ ತೋಡು ಇದ್ದರೆ ಹಿಂಬದಿಯನ್ನು ಅದರ ಹಿಂದಕ್ಕೆ ತೂರಿಸಿ. ಇಲ್ಲದಿದ್ದರೆ ತೂತಿನ ಕೆಳಗೇ ನಿಲ್ಲುವಷ್ಟು ಹಿಂಬದಿಯನ್ನು ಗಿಡ್ಡ ಮಾಡಿ, 12 ಮಿ.ಮೀ. ಆದರೂ ಸರಿ. ಪರೀಕ್ಷೆ ಸುಲಭ: ಹಳಿಗೆ ಒಂದು ಲೋಟ ನೀರು ಸುರಿಯಿರಿ. ಅದು ಒಂದೆರಡು ನಿಮಿಷದಲ್ಲಿ ತಗಡಿನ ಮೇಲೆ ಹೊರಬಂದು ಮುಂದಕ್ಕೆ ಹರಿಯಬೇಕು. ಕೆಳಗೆ ಹೋಗಿ ಮಾಯವಾದರೆ ಹಿಂಬದಿ ತಪ್ಪಾದ ಜಾಗದಲ್ಲಿದೆ.

ತಗಡಿನ ಕೆಳಗೆ ಏನಾದರೂ ಹಾಸಬೇಕೇ?

ಹಾಸಿದರೆ ಒಳ್ಳೆಯದು. ಹಿಂದಿನ ಮೂಲೆಗಳಿಗೆ ಮತ್ತು ಚೌಕಟ್ಟಿನ ಬುಡದ ಸಂದಿಗೆ ಅಂಟು ಟೇಪ್, ಬ್ಯೂಟೈಲ್ ಆಗಲಿ ಬಿಟುಮಿನ್ ಆಗಲಿ, ಮೇಲಕ್ಕೆ 20 ಮಿ.ಮೀ. ತಿರುಗುವಂತೆ. ಆದರೆ ಮರವನ್ನು ಎಲ್ಲ ಕಡೆಯಿಂದ ಸುತ್ತಿ ಉಸಿರುಗಟ್ಟಿಸಬೇಡಿ. ಸಿಲ್‌ನ ಅಡಿಭಾಗ ತೆರೆದೇ ಇರಲಿ. ಹೇಗೋ ಒಳಸೇರಿದ ತೇವಕ್ಕೆ ಹೊರಹೋಗಲು ಇರುವುದು ಅದೊಂದೇ ದಾರಿ. ಬರಿಮರದ ಭಾಗಗಳಿಗೆ, ವಿಶೇಷವಾಗಿ ಕೊಯ್ತದ ತುದಿಗಳಿಗೆ, ಪ್ರೈಮರ್ ಹೊಡೆಯುವುದನ್ನು ಮರೆಯಬೇಡಿ. ಹೇಗೂ ಕಾಣುವುದಿಲ್ಲವಲ್ಲ ಎಂದು ಬಿಡುವವರೇ ಹೆಚ್ಚು.

ಮೊಳೆಯೋ, ಸ್ಕ್ರೂವೋ, ಅಂಟೋ?

ಯಾವುದೇ ಆಗಲಿ, ಮೇಲ್ಮೈಯಲ್ಲಿ ತೂತು ಬೇಡ. ನೀರು ನಿಲ್ಲುವ ಮೈಗೆ ಮೊಳೆ ಹೊಡೆದು ಅದರ ತಲೆಗೆ ಸಿಲಿಕಾನ್ ಬಳಿಯುವುದು ಒಂದೆರಡು ಬೇಸಿಗೆಯ ಮಟ್ಟಿಗಿನ ಪರಿಹಾರ.

ಮುಂಬದಿಯ ಕೆಳಭಾಗದಲ್ಲಿ 400 ಮಿ.ಮೀ.ಗೊಂದರಂತೆ ಸ್ಟೇನ್‌ಲೆಸ್ ಅಥವಾ ಅಲ್ಯೂಮಿನಿಯಂನ 25-30 ಮಿ.ಮೀ. ಮೊಳೆ. ತೂತನ್ನು ಅಡ್ಡಕ್ಕೆ ಉದ್ದವಾಗಿ, ಮೊಳೆಯ ದಪ್ಪಕ್ಕಿಂತ 3 ಮಿ.ಮೀ. ಹೆಚ್ಚು ಮಾಡಿ. ನಡುವಿನದೊಂದನ್ನು ಮಾತ್ರ ಬಿಗಿಯಿರಿ, ಉಳಿದವು ತಗಡನ್ನು ಹಿಡಿದರೆ ಸಾಕು. ಸಾದಾ ಕಬ್ಬಿಣದ ಮೊಳೆ ಹೊಡೆದರೆ ಕೆಂಪು ಕಲೆ ಇಳಿಯುತ್ತದೆ, ಅಲ್ಯೂಮಿನಿಯಂ ತೂತಿನ ಸುತ್ತ ಸವೆಯುತ್ತದೆ.

ಮೇಲ್ಮೈಯನ್ನು ಹಿಡಿದಿಡಲು ಅಂಟು ಬಳಸಿ: ಪಾಲಿಯುರೆಥೇನ್ ಅಥವಾ ಎಂಎಸ್ ಪಾಲಿಮರ್, 250-300 ಮಿ.ಮೀ.ಗೊಂದು ಗೆರೆ. ಗೆರೆಗಳು ಹಿಂದಿನಿಂದ ಮುಂದಕ್ಕೆ ಇರಲಿ, ಕಿಟಕಿಗೆ ಸಮಾನಾಂತರವಾಗಿ ಅಲ್ಲ. ಉದ್ದಕ್ಕೆ ಎಳೆದ ಅಂಟು ತಗಡಿನ ಕೆಳಗೆ ಅಣೆಕಟ್ಟಿನಂತೆ ನಿಂತು ನೀರನ್ನು ಹಿಂದೆಯೇ ಹಿಡಿದಿಡುತ್ತದೆ.

ಯಾವ ಸೀಲಂಟ್, ಎಲ್ಲೆಲ್ಲಿ?

ನ್ಯೂಟ್ರಲ್ (ಆಮ್ಲ ಬಿಡದ) ಸಿಲಿಕಾನ್, ಪಾಲಿಯುರೆಥೇನ್ ಅಥವಾ ಎಂಎಸ್ ಪಾಲಿಮರ್. ಹಚ್ಚುವಾಗ ವಿನಿಗರ್ ವಾಸನೆ ಬರುವ ಅಗ್ಗದ ಸಿಲಿಕಾನ್ ಇಲ್ಲಿಗೆ ಸಲ್ಲದು. ಅದರಿಂದ ಹೊರಡುವ ಅಸಿಟಿಕ್ ಆಮ್ಲ ಲೋಹವನ್ನು ತಿನ್ನುತ್ತದೆ, ಗಾರೆಗೆ ಅದು ಸರಿಯಾಗಿ ಅಂಟುವುದೂ ಇಲ್ಲ.

ಹಚ್ಚಬೇಕಾದ ಜಾಗ: ತುದಿಯ ಎತ್ತು ಗೋಡೆಗೆ ಸೇರುವಲ್ಲಿ, ಹಿಂಬದಿಯ ಮೇಲಂಚು ಚೌಕಟ್ಟಿಗೆ ಸೇರುವಲ್ಲಿ (ನೀರಿನ ತೂತು ಬಿಟ್ಟು). ಹಚ್ಚಬಾರದ ಜಾಗ: ಮುಂಬದಿಯ ಕೆಳಗಿನ ಹೆಮ್ ಮತ್ತು ಗೋಡೆಯ ನಡುವೆ. ನೋಡಲು ನೀಟಾಗಿ ಕಾಣಲಿ ಎಂದು ಅದನ್ನೂ ಮುಚ್ಚಿದ ಸಿಲ್‌ಗಳನ್ನು ಬಿಚ್ಚಿದರೆ ಒಳಗೆ ಕಪ್ಪಗೆ ಕೊಳೆತ ಮರ ಸಿಗುವುದು ತೀರಾ ಸಾಮಾನ್ಯ.

ಸಂದು 5-6 ಮಿ.ಮೀ. ಇದ್ದರೆ ಹಿಂದೆ ಫೋಮ್ ಹಗ್ಗ ತುಂಬಿ. ಸೀಲಂಟ್ ಎರಡು ಬದಿಗೆ ಮಾತ್ರ ಅಂಟಬೇಕು, ತಳಕ್ಕೂ ಅಂಟಿದರೆ ಹಿಗ್ಗಲಾರದೆ ನಡುವೆ ಹರಿಯುತ್ತದೆ. ಗೋಡೆಯ ಧೂಳು ಒರೆಸದೆ ಹಚ್ಚಿದ್ದು ಧೂಳಿಗೇ ಅಂಟಿ, ಅದರ ಸಮೇತ ಕಳಚಿ ಬರುತ್ತದೆ.

ಹಾಕುವಾಗ ಸಪಾಟಾಗಿದ್ದ ತಗಡು ಮಧ್ಯಾಹ್ನ ಅಲೆಯಲೆಯಾಗಿ ಏಳುತ್ತದೆ. ಏಕೆ?

ಹಿಗ್ಗಲು ಜಾಗವಿಲ್ಲ. 1.2 ಮೀಟರ್ ಉದ್ದದ ಪಟ್ಟಿ 50 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸಕ್ಕೆ ಎಷ್ಟು ಬೆಳೆಯುತ್ತದೆ ನೋಡಿ: ಸ್ಟೀಲ್ ಸುಮಾರು 0.7 ಮಿ.ಮೀ., ಅಲ್ಯೂಮಿನಿಯಂ 1.4, ವಿನೈಲ್ ಸುಮಾರು 4. ಕಡು ಬಣ್ಣದ ತಗಡು ಬಿಸಿಲಿನಲ್ಲಿ ಕೈ ಇಡಲಾಗದಷ್ಟು ಕಾಯುತ್ತದೆ, ಆದ್ದರಿಂದ 50 ಡಿಗ್ರಿ ದೊಡ್ಡ ಸಂಖ್ಯೆಯೇನಲ್ಲ. ಎರಡೂ ತುದಿ ಗೋಡೆಗೆ ಒತ್ತಿಕೊಂಡಿದ್ದರೆ ಅಥವಾ ಎಲ್ಲ ಮೊಳೆಗಳೂ ಬಿಗಿಯಾಗಿದ್ದರೆ ಬೆಳೆದ ಉದ್ದ ಮೇಲಕ್ಕೆ ಉಬ್ಬಲೇಬೇಕು. ಮೊಳೆಗಳನ್ನು ಸಡಿಲಿಸಿದರೆ ಹೆಚ್ಚಿನ ಅಲೆ ಇಳಿಯುತ್ತದೆ. ಇಳಿಯದಿದ್ದರೆ ಕೆಳಗಿನ ಮರವೇ ಏರುತಗ್ಗಾಗಿದೆ.

ಕಿಟಕಿ ತುಂಬ ಉದ್ದ ಇದೆ. ಜೋಡಿಸುವುದು ಹೇಗೆ?

ಎರಡೂವರೆ ಮೀಟರ್ ಒಳಗಿದ್ದರೆ ಜೋಡಿಸದೆ ಒಂದೇ ತುಂಡು ಹಾಕಿ. ಅದಕ್ಕಿಂತ ಉದ್ದವಾದರೆ ಅದೇ ಆಕಾರಕ್ಕೆ ಬಗ್ಗಿಸಿದ 150 ಮಿ.ಮೀ. ಅಗಲದ ಅಡಿಪಟ್ಟಿ ಮೊದಲು ಕೂರಿಸಿ, ಅದರ ಎರಡೂ ಬದಿಗೆ ಎರಡೆರಡು ಗೆರೆ ಸೀಲಂಟ್ ಎಳೆದು, ಎರಡು ತುಂಡುಗಳನ್ನು ನಡುವೆ 6 ಮಿ.ಮೀ. ಬಿಟ್ಟು ಒತ್ತಿ. ರಿವೆಟ್ ಹೊಡೆಯುವುದಾದರೆ ಒಂದು ಬದಿಗೆ ಮಾತ್ರ.

ಮರದ ಸಿಲ್ ಗೋಡೆಯಿಂದ ಹೊರಗೆ ಚಾಚಿಯೇ ಇಲ್ಲ. ಏನು ಮಾಡುವುದು?

ಹನಿ ಬೀಳುವ ಅಂಚು ಗೋಡೆಯ ಮೈಯಿಂದ ಕನಿಷ್ಠ 25-30 ಮಿ.ಮೀ. ಮುಂದಿರಬೇಕು, ಇಲ್ಲದಿದ್ದರೆ ಸಿಲ್ ಕೆಳಗೆ ಕಪ್ಪು ಪಟ್ಟೆಗಳು ಖಂಡಿತ. ಮುಂಬದಿಗೆ ಒಂದು ಮರದ ಪಟ್ಟಿ ಸೇರಿಸಿ ಆಮೇಲೆ ಹೊದಿಸಿ. ದಪ್ಪ ತಗಡನ್ನೇ ಮುಂದಕ್ಕೆ ಚಾಚಬಹುದಾದರೂ ಯಾರಾದರೂ ಅದರ ಮೇಲೆ ಕೈ ಊರಿದರೆ ಬಾಗುತ್ತದೆ.

ವಿನೈಲ್‌ಗೆ ಬೇರೆ ನಿಯಮಗಳಿವೆಯೇ?

ಇವೆ. ತುದಿಗಳಲ್ಲಿ 5-6 ಮಿ.ಮೀ. ಸಂದು ಕಡ್ಡಾಯ. ಮೊಳೆ ಉದ್ದ ತೂತಿನ ನಡುವೆ ಬರಲಿ, ತಲೆ ಮತ್ತು ವಿನೈಲ್ ನಡುವೆ 1 ಮಿ.ಮೀ. ಉಳಿಯಲಿ. ಪಟ್ಟಿಯನ್ನು ಕೈಯಿಂದ ಅತ್ತಿತ್ತ ಜಾರಿಸಿದರೆ ಜಾರಬೇಕು. ಚಳಿಯಲ್ಲಿ ವಿನೈಲ್ ಬಿರುಸಾಗುತ್ತದೆ, ಕತ್ತರಿಸುವಾಗ ಒಡೆಯುತ್ತದೆ. ಮೊದಲು ಬೆಚ್ಚಗಿನ ಕೋಣೆಯಲ್ಲಿಟ್ಟು ಕೆಲಸಕ್ಕೆ ತನ್ನಿ.

ಬಗ್ಗಿಸಬೇಕಾದರೆ ಬಿಸಿಗಾಳಿಯ ಗನ್‌ನಿಂದ ಗೆರೆಯುದ್ದಕ್ಕೂ ಸಮನಾಗಿ ಕಾಯಿಸಿ, ಬಗ್ಗಿಸಿ, ತಣ್ಣಗಾಗುವ ತನಕ ಹಿಡಿದಿರಿ. ಬೆಂಕಿ ತೋರಿಸಬೇಡಿ, ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಡುತ್ತದೆ. ತುದಿ ಎತ್ತುವ ಬದಲು ಸಿದ್ಧ ಮುಚ್ಚಳಗಳನ್ನು ಅಂಟಿಸುವುದೇ ವಾಸಿ.

ವಿನೈಲ್ ಒಂದೇ ಕಡೆ ಸೊಟ್ಟಗಾಗಿ ಕರಗಿದಂತೆ ಕಂಡರೆ ಎದುರಿನ ಕಟ್ಟಡದ ಕಿಟಕಿಯನ್ನೊಮ್ಮೆ ನೋಡಿ. ಲೋ-ಇ (ಶಾಖ ತಡೆಯುವ) ಲೇಪನದ ಜೋಡಿ ಗಾಜು ಒಳಕ್ಕೆ ಸ್ವಲ್ಪ ಬಾಗಿದಾಗ ಬಿಸಿಲನ್ನು ಒಂದೆಡೆ ಕೂಡಿಸಿ ಹಾಯಿಸುತ್ತದೆ, ಆ ಶಾಖ ವಿನೈಲನ್ನು ಮೆತ್ತಗಾಗಿಸಲು ಸಾಕು. ಅಂಥ ಜಾಗಕ್ಕೆ ಲೋಹವೇ ಸರಿ.

ಗ್ರೈಂಡರ್‌ನಲ್ಲಿ ಕತ್ತರಿಸಬಹುದೇ?

ಬಣ್ಣದ ಸ್ಟೀಲನ್ನು ಕತ್ತರಿಸಬಾರದು. ಅಂಚಿನ ಸತು ಮತ್ತು ಬಣ್ಣ ಸುಟ್ಟುಹೋಗುತ್ತವೆ, ಹಾರಿದ ಕಿಡಿಗಳು ಉಳಿದ ಮೈಗೆ ಅಂಟಿ ತುಕ್ಕಿನ ಚುಕ್ಕೆಗಳಾಗುತ್ತವೆ. ನೇರ, ಎಡ, ಬಲ ಮೂರು ತಗಡು ಕತ್ತರಿಗಳಿದ್ದರೆ ಬೇರೇನೂ ಬೇಡ. ಕತ್ತರಿಯ ಬಾಯಿಯನ್ನು ಪೂರ್ತಿ ಮುಚ್ಚದೆ ಮುಂದೆ ಸಾಗಿದರೆ ಅಂಚಿನಲ್ಲಿ ಹಲ್ಲು ಮೂಡುವುದಿಲ್ಲ. ಕೈಗವಸು ಹಾಕಿಕೊಳ್ಳಿ.

ಕಾಂಕ್ರೀಟು, ಇಟ್ಟಿಗೆ, ಕಲ್ಲಿನ ಸಿಲ್ ಮೇಲೂ ಹಾಕಬಹುದೇ?

ಹಾಕಬಹುದು, ಆದರೆ ಅಲ್ಯೂಮಿನಿಯಂ ಬರಿಯಾಗಿ ಸಿಮೆಂಟಿಗೆ ತಾಗಬಾರದು. ಒದ್ದೆ ಸಿಮೆಂಟಿನ ಕ್ಷಾರ ಅದನ್ನು ತಿಂದು ಬಿಳಿ ಪುಡಿ ಮಾಡುತ್ತದೆ. ಹೊಸ ಗಾರೆ ಪೂರ್ತಿ ಒಣಗಲಿ, ಮೇಲೆ ಬಿಟುಮಿನ್ ಟೇಪ್ ಅಥವಾ ಹಾಳೆ ಹಾಸಿ. ಮೊಳೆಯ ಬದಲು ಅಂಟು ಮತ್ತು ಮುಂಬದಿಯಲ್ಲಿ ಕೆಲವು ಸ್ಟೇನ್‌ಲೆಸ್ ಸ್ಕ್ರೂ, ಪ್ಲಗ್ ಹಾಕಿ. ಸಿಲ್ ಅಡಿಯಲ್ಲಿ ನೀರು ಹನಿಸುವ ತೋಡು ಇದ್ದರೆ ಮುಂಬದಿಯ ತಗಡು ಅದನ್ನು ಮುಚ್ಚದಿರಲಿ.

ಬೇರೆ ಲೋಹಗಳ ಜೊತೆ ತೊಂದರೆ ಇದೆಯೇ?

ತಾಮ್ರವೇ ಮುಖ್ಯ ಶತ್ರು. ಮೇಲಿನ ತಾಮ್ರದ ಛಾವಣಿಯಿಂದಲೋ ಎಸಿ ಕೊಳವೆಯಿಂದಲೋ ನೀರು ಸಿಲ್ ಮೇಲೆ ತೊಟ್ಟಿಕ್ಕುತ್ತಿದ್ದರೆ ಅಲ್ಯೂಮಿನಿಯಂ, ಸತು ಎರಡೂ ತೂತು ಬೀಳುತ್ತವೆ. ತಾಮ್ರದ ಲವಣ ಕುಡಿಸಿದ ಹಸಿರು ಛಾಯೆಯ ಸಂಸ್ಕರಿತ ಮರವೂ ಹಾಗೇ. ನಡುವೆ ಪದರ ಹಾಸದೆ ತಗಡು ಕೂರಿಸಬೇಡಿ.

ಮಳೆ ಬಂದಾಗ ಟಪಟಪ ಸದ್ದು ತಡೆಯುವುದು ಹೇಗೆ?

ತಗಡಿನ ಅಡಿಮೈಗೆ ಬಿಟುಮಿನ್ ಅಥವಾ ಬ್ಯೂಟೈಲ್ ಪಟ್ಟಿಯ ತುಂಡುಗಳನ್ನು ಅಂಟಿಸಿ, ಅಂಟಿನ ಗೆರೆಗಳ ನಡುವೆ ಒಂದೊಂದು, ಅದೇ ದಿಕ್ಕಿನಲ್ಲಿ. ಹಾಕಿದ ಮೇಲೆ ಈ ಕೆಲಸ ಸಾಧ್ಯವಿಲ್ಲ. ಮಲಗುವ ಕೋಣೆಯ ಕಿಟಕಿಗೆ ಮೊದಲೇ ಯೋಚಿಸಿ.

ಕೆಲಸ ಮುಗಿದ ಮೇಲೆ ಪರೀಕ್ಷಿಸುವುದು ಹೇಗೆ? ಆಮೇಲಿನ ಆರೈಕೆ?

ರಕ್ಷಣಾ ಪ್ಲಾಸ್ಟಿಕ್ ಹಾಳೆಯನ್ನು ಸೀಲಂಟ್ ಹಚ್ಚುವ ಮೊದಲೇ ಅಂಚುಗಳಲ್ಲಿ ಬಿಡಿಸಿ, ಕೆಲಸವಾದ ದಿನವೇ ಪೂರ್ತಿ ತೆಗೆಯಿರಿ. ವಾರಗಟ್ಟಲೆ ಬಿಸಿಲುಂಡರೆ ಅದು ಉಗುರಿಗೂ ಬಾರದಂತೆ ಕಚ್ಚಿಕೊಳ್ಳುತ್ತದೆ. ಸೀಲಂಟ್ ಗಟ್ಟಿಯಾದ ಮೇಲೆ ಕೊಳವೆಯಿಂದ ಮೆಲ್ಲಗೆ ನೀರು ಬಿಡಿ: ಮೊದಲು ಸಿಲ್ ಮೇಲೆ ಮಾತ್ರ ಐದು ನಿಮಿಷ, ಆಮೇಲೆ ಮೂಲೆಗಳಿಗೆ, ಆಮೇಲೆ ಚೌಕಟ್ಟಿಗೆ. ಕೆಳಗಿನಿಂದ ಮೇಲಕ್ಕೆ ಹೋದರೆ ಸೋರಿಕೆಯ ಜಾಗ ನಿಖರವಾಗಿ ಸಿಗುತ್ತದೆ. ಮೇಲಿನಿಂದ ಸುರುಮಾಡಿದರೆ ಎಲ್ಲವೂ ಒಟ್ಟಿಗೆ ಒದ್ದೆಯಾಗಿ ಏನೂ ತಿಳಿಯುವುದಿಲ್ಲ.

ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ಸೋಪುನೀರು, ಮೆತ್ತನೆ ಬಟ್ಟೆಯಿಂದ ತೊಳೆದು, ತುದಿಯ ಸೀಲಂಟ್ ನೋಡಿ, ನೀರಿನ ತೂತುಗಳನ್ನು ಕಡ್ಡಿಯಿಂದ ಬಿಡಿಸಿ. ತಗಡನ್ನು ಬೆರಳಿಂದ ತಟ್ಟಿ ಒತ್ತಿಯೂ ನೋಡಿ: ಕೆಳಗಿನ ಮರ ಸ್ಪಂಜಿನಂತೆ ತಗ್ಗಿದರೆ, ಒಳಗೋಡೆಯ ಬಣ್ಣ ಸಿಲ್ ಮಟ್ಟದಲ್ಲಿ ಉಬ್ಬಿದ್ದರೆ, ಅಥವಾ ಮಳೆ ನಿಂತು ಎರಡು ದಿನವಾದರೂ ಮುಂಬದಿಯ ಹೆಮ್‌ನಿಂದ ಹನಿ ಬೀಳುತ್ತಿದ್ದರೆ ಇನ್ನಷ್ಟು ಸಿಲಿಕಾನ್ ಬಳಿಯುವ ಬದಲು ಮುಂಬದಿಯ ಮೊಳೆ ಕಿತ್ತು ಹೊದಿಕೆ ತೆಗೆದು ನೋಡಬೇಕು. ಮೊಳೆ ಮುಂಬದಿಯಲ್ಲೇ ಇದ್ದು, ಮೇಲ್ಮೈಯ ಅಂಟನ್ನು ತೆಳು ತಂತಿಯಿಂದ ಕೊಯ್ದರೆ ಅದೇ ಪಟ್ಟಿಯನ್ನು ಮತ್ತೆ ಕೂರಿಸಬಹುದು.